ಮಾರ್ಕ್ಸ್ ಕಾರ್ಡಿನಲ್ಲಿದ್ದ ಹೆಸರು

ನಿವೃತ್ತಿಯಾದ ಮೇಲೆ ನಾನು ಹಚ್ಚಿಕೊಂಡ ಕೆಲಸಗಳಲ್ಲಿ ಸಂಘದ ವಿವಾಹ ವೇದಿಕೆಯದ್ದೂ ಒಂದು. ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ. ಒಂದು ಮೇಜು, ಎರಡು ಫೈಲು. ಹುಡುಗರದ್ದು ನೀಲಿ, ಹುಡುಗಿಯರದ್ದು ಗುಲಾಬಿ. ಬಣ್ಣ ಆರಿಸಿದ್ದು ನಾನಲ್ಲ, ನನಗಿಂತ ಮೊದಲಿದ್ದವರು. ನೀಲಿ ಫೈಲು ಯಾವಾಗಲೂ ತೆಳ್ಳಗೆ, ಗುಲಾಬಿಯದ್ದು ಹೊಟ್ಟೆ ಉಬ್ಬಿಸಿಕೊಂಡು ಕೂತಿರುತ್ತದೆ. ಸಮಾಜದಲ್ಲಿ ಹುಡುಗಿಯರು ಜಾಸ್ತಿಯಾಗಿದ್ದಾರೆಂದು ತಿಳಿಯಬೇಡಿ. ಗುಲಾಬಿ ಫೈಲಿಗೆ ಒಳಗೆ ಬಂದ ಹಾಳೆ ಬೇಗ ಹೊರಗೆ ಹೋಗುವುದಿಲ್ಲ, ಅಷ್ಟೆ.

ಬಯೋಡಾಟಾ ಎಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಮೇಲೆ ಗಣಪತಿಯ ಚಿತ್ರ, ಕೆಳಗೆ ಹೆಸರು, ಹುಟ್ಟಿದ ತಾರೀಕು, ರಾಶಿ, ನಕ್ಷತ್ರ, ಬಳಿ, ಎತ್ತರ, ಬಣ್ಣ, ವಿದ್ಯೆ, ಉದ್ಯೋಗ, ಊರಿನ ಮನೆ, ಮುಂಬಯಿಯ ಮನೆ. ಮುಂಬಯಿಯ ಮನೆಯ ಎದುರು ‘ಸ್ವಂತ’ ಎಂದು ಬರೆಯುವಾಗ ಕೆಲವರು ಪೆನ್ನನ್ನು ಸ್ವಲ್ಪ ಒತ್ತಿಯೇ ಬರೆಯುತ್ತಾರೆ. ಕೊನೆಗೆ ‘ಅಪೇಕ್ಷೆ’ ಎಂಬ ಒಂದು ಸಾಲು. ಹುಡುಗಿಯರ ಹಾಳೆಯಲ್ಲಿ ಈ ಸಾಲನ್ನು ಬರೆಯುವವರು ಅಪ್ಪ-ಅಮ್ಮ. ಹುಡುಗಿಯನ್ನು ಕೇಳಿ ಬರೆದವರನ್ನು ನಾನು ಬೆರಳಲ್ಲಿ ಎಣಿಸಬಹುದು.

ಈ ಸಾಲಿನಲ್ಲಿ ಒಂದು ಹಳೆಯ ಲೆಕ್ಕ ಕೂತಿದೆ. ಹುಡುಗ ಹುಡುಗಿಗಿಂತ ಎರಡು ಮೂರು ವರ್ಷ ದೊಡ್ಡವನಿರಬೇಕು, ಎರಡು ಮೂರು ಇಂಚು ಎತ್ತರವಿರಬೇಕು, ಒಂದು ಮೆಟ್ಟಿಲಾದರೂ ಹೆಚ್ಚು ಓದಿರಬೇಕು. ಬಿ.ಎ.ಗೆ ಎಂ.ಎ., ಬಿ.ಇ.ಗೆ ಎಂ.ಟೆಕ್. ಹೆಣ್ಣುಮಕ್ಕಳು ಏಳನೆಯ ಕ್ಲಾಸಿಗೆ ಶಾಲೆ ಬಿಡುತ್ತಿದ್ದ ಕಾಲದಲ್ಲಿ ಈ ಲೆಕ್ಕಕ್ಕೆ ತೊಂದರೆ ಇರಲಿಲ್ಲ. ಈಗ ಏನಾಗಿದೆ ನೋಡಿ. ಕೇಂದ್ರ ಸರ್ಕಾರದ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2021-22ರಲ್ಲಿ ದೇಶದ ಕಾಲೇಜು ವಿಶ್ವವಿದ್ಯಾಲಯಗಳಲ್ಲಿ ಓದುತ್ತಿದ್ದವರು 4.33 ಕೋಟಿ, ಅವರಲ್ಲಿ 2.07 ಕೋಟಿ ಹೆಣ್ಣುಮಕ್ಕಳು. ಹೆಚ್ಚುಕಡಿಮೆ ಅರ್ಧ. ಅರ್ಧಕ್ಕೆ ಅರ್ಧ ಸರಿಸಮ ನಿಂತಾಗ ಎಲ್ಲ ಹುಡುಗಿಯರಿಗೂ ಒಂದು ಮೆಟ್ಟಿಲು ಮೇಲಿನ ಹುಡುಗನನ್ನು ಎಲ್ಲಿಂದ ತರುವುದು? ನಮ್ಮವರಲ್ಲಿ ಇನ್ನೂ ಒಂದು ತೊಡಕು. ಹುಡುಗರು ಹನ್ನೆರಡನೆಯದು ಮುಗಿಸಿ ಹೋಟೆಲು, ಕ್ಯಾಟರಿಂಗು ಎಂದು ಅಪ್ಪನ ವ್ಯಾಪಾರಕ್ಕೆ ಇಳಿಯುತ್ತಾರೆ, ತಪ್ಪೇನಲ್ಲ. ಹುಡುಗಿಯರಿಗೆ ಗಲ್ಲಾದಲ್ಲಿ ಕೂರಲು ಬಿಡುವವರಿಲ್ಲ, ಹಾಗಾಗಿ ಅವರು ಓದುತ್ತಾರೆ.

ನಮ್ಮ ಡೊಂಬಿವಲಿಯ ಕಟ್ಟಡದಲ್ಲೇ ಮೂರನೆಯ ಮಾಳಿಗೆಯಲ್ಲಿ ಅಂಥ ಒಬ್ಬಳಿದ್ದಾಳೆ. ಇಪ್ಪತ್ತೇಳು ವರ್ಷ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಈಗ ಪಿಎಚ್.ಡಿ.ಗೆ ನೋಂದಾಯಿಸಿಕೊಂಡು ಎರಡನೆಯ ವರ್ಷ. ಬೆಳಿಗ್ಗೆ ಏಳೂ ಐವತ್ತರ ಹೊತ್ತಿಗೆ ಲೋಕಲ್ ಹಿಡಿಯಲು ಓಡುವಾಗ ಮೆಟ್ಟಿಲಿನಲ್ಲಿ ಸಿಕ್ಕರೆ ‘ಆಂಟಿ, ಬರ್ತೇನೆ’ ಎಂದು ಹೇಳಿಯೇ ಓಡುವ ಹುಡುಗಿ. ಅವಳ ಹಾಳೆಯನ್ನು ನಾನೇ ಕೂತು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ತಯಾರಿಸಿದ್ದೆ. ಒಂದು ಭಾನುವಾರ ಅವಳ ತಾಯಿ ಸಂಘದ ಕಚೇರಿಗೇ ಬಂದರು. ಮನೆಯಲ್ಲಿ ಹೇಳಿದ್ದರೆ ಮಗಳಿಗೆ ಕೇಳಿಸುತ್ತಿತ್ತೋ ಏನೋ.

‘ಅಕ್ಕ, ಅವಳ ಹಾಳೆಯಲ್ಲಿ ಪಿಎಚ್.ಡಿ. ಅಂತ ಇದೆಯಲ್ಲ, ಅದನ್ನು ಒಂದು ತೆಗೆದುಬಿಡಿ. ಎಂ.ಎಸ್ಸಿ. ಅಂತ ಇದ್ದರೆ ಸಾಕು.’

‘ಯಾಕೆ ಮಾರಾಯ್ತಿ?’

ಸಂಬಂಧ ತರುವವರೊಬ್ಬರು ಹೇಳಿದರಂತೆ. ಕಲ್ಯಾಣದ ಕಡೆ ಒಳ್ಳೆಯ ಮನೆತನ, ಹುಡುಗ ಬಿ.ಕಾಂ., ಎರಡು ಹೋಟೆಲು. ಹಾಳೆ ನೋಡಿ ‘ಇಷ್ಟು ಓದಿದವಳು ನಮ್ಮ ಮನೆಯಲ್ಲಿ ಹೊಂದಿಕೊಳ್ಳುತ್ತಾಳಾ’ ಎಂದು ಕೇಳಿದ್ದಾರೆ. ‘ಪಿಎಚ್.ಡಿ. ತೆಗೆಯಿರಿ, ಮಿಕ್ಕಿದ್ದು ನಾನು ನೋಡಿಕೊಳ್ಳುತ್ತೇನೆ’ ಎಂದು ಇವರು.

‘ಮಾಡುತ್ತಿರುವುದನ್ನು ಮಾಡುತ್ತಿಲ್ಲ ಎಂದು ಹೇಳಿದ ಹಾಗಾಗುತ್ತದಲ್ಲ?’ ಎಂದೆ.

‘ಸುಳ್ಳೇನಲ್ಲವಲ್ಲ ಅಕ್ಕ. ಇನ್ನೂ ಮುಗಿದಿಲ್ಲವಲ್ಲ.’ ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಬ್ಯಾಗಿನ ಜಿಪ್ಪನ್ನು ಎಳೆಯುತ್ತಾ ಹೇಳಿದರು: ‘ನನ್ನದೂ ಹೀಗೇ ಆಗಿದ್ದು. ನನ್ನ ಮದುವೆ ಮಾತಾಡುವಾಗ ಎಸ್ಸೆಸ್ಸೆಲ್ಸಿ ಅಂತಲೇ ಹೇಳಿದ್ದು. ಪಿಯುಸಿ ಪಾಸಾದದ್ದನ್ನು ಮಾವ ಹೇಳಲಿಕ್ಕೇ ಬಿಡಲಿಲ್ಲ.’

ಹನ್ನೆರಡು ವರ್ಷಗಳಿಂದ ಒಂದೇ ಕಟ್ಟಡದಲ್ಲಿದ್ದೇವೆ. ಅವರು ರುಬ್ಬಿದ ಇಡ್ಲಿ ಹಿಟ್ಟನ್ನು ವಾರಕ್ಕೆರಡು ಸಲ ನಾನು ತರುತ್ತೇನೆ. ಅವರು ಪಿಯುಸಿ ಓದಿದವರೆಂದು ನನಗೆ ಗೊತ್ತಾದದ್ದು ಆ ಭಾನುವಾರ. 1992ರಲ್ಲಿ, ಆಗಿನ್ನೂ ಉಡುಪಿ ಜಿಲ್ಲೆಯಾಗದ ದಕ್ಷಿಣ ಕನ್ನಡದಲ್ಲಿ, ಫಸ್ಟ್ ಕ್ಲಾಸು. 1993ರ ಮೇ ತಿಂಗಳಲ್ಲಿ ಮದುವೆ. ಹುಡುಗನಿಗೆ ಹದಿನೈದು ದಿನ ರಜೆ. ನಾಲ್ಕು ಹೆಣ್ಣು ನೋಡಿ, ಐದನೆಯವರನ್ನು ಒಪ್ಪಿ, ಹನ್ನೆರಡನೆಯ ದಿನಕ್ಕೆ ಧಾರೆ. ‘ಬೊಂಬಾಯಿಯಲ್ಲಿ ಸ್ವಂತ ರೂಮಿದೆ’ ಎಂಬ ಒಂದು ಮಾತಿಗೆ ಆ ಕಾಲದಲ್ಲಿ ಎಂಥ ತೂಕವಿತ್ತೆಂದು ನಮ್ಮ ಓದುಗರಲ್ಲಿ ಬಹಳ ಜನರಿಗೆ ಗೊತ್ತು. ರೂಮು ಎಂದರೆ ಭಾಂಡೂಪಿನ ಚಾಳಿನ ಹತ್ತು ಹನ್ನೆರಡರ ಖೋಲಿ, ನೀರು ಬೆಳಗಿನ ಜಾವ ನಾಲ್ಕೂವರೆಗೆ.

ಗಂಡನನ್ನು ದೂರಲು ಈ ಮಾತು ಹೇಳುತ್ತಿಲ್ಲ. ಆತ ಒಳ್ಳೆಯ ಮನುಷ್ಯ. ಹದಿಮೂರನೆಯ ವಯಸ್ಸಿಗೆ ಊರಿನವರೊಬ್ಬರ ಹಿಂದೆ ಬಸ್ಸು ಹತ್ತಿ ಬಂದು, ಫೋರ್ಟಿನ ಹೋಟೆಲಿನಲ್ಲಿ ಟೇಬಲ್ ಒರೆಸಿದವರು. ಸಂಜೆ ಆರೂವರೆಗೆ ರಾತ್ರಿಶಾಲೆ. ಈ ರಾತ್ರಿಶಾಲೆಗಳ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಮೊಗವೀರರ ರಾತ್ರಿಶಾಲೆ, ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿಶಾಲೆ, ಕನ್ನಡ ಭವನದ ಶಾಲೆ, ಹೀಗೆ ಫೋರ್ಟಿನ ಸುತ್ತಮುತ್ತ ನಮ್ಮ ಸಂಘ ಸಂಸ್ಥೆಗಳು ನಡೆಸಿದ ಶಾಲೆಗಳು ಇಲ್ಲದಿದ್ದರೆ ಮುಂಬಯಿ ಕನ್ನಡಿಗ ಇವತ್ತಿನ ಮುಂಬಯಿ ಕನ್ನಡಿಗ ಆಗುತ್ತಿರಲಿಲ್ಲ. ಲೋಟ ತೊಳೆದ ಕೈಯಲ್ಲೇ ಪೆನ್ಸಿಲು ಹಿಡಿದು, ಒಂಬತ್ತೂವರೆಯವರೆಗೆ ಕಣ್ಣು ಎಳೆಯುತ್ತಿದ್ದರೂ ಬೀಜಗಣಿತ ಮಾಡಿ, ಹೋಟೆಲಿಗೆ ವಾಪಸು ಬಂದು ಅದೇ ಟೇಬಲುಗಳನ್ನು ಜೋಡಿಸಿ ಅದರ ಮೇಲೆ ಮಲಗಿದ ಹುಡುಗರು ಮುಂದೆ ಬ್ಯಾಂಕು ಸೇರಿದರು, ವಕೀಲರಾದರು, ಹೋಟೆಲಿನ ಮಾಲಕರಾದರು. ನಮ್ಮ ಸಂಘದ ವಾರ್ಷಿಕೋತ್ಸವಗಳಲ್ಲಿ ಮಾತಾಡುವ ಹಿರಿಯರಲ್ಲಿ ಅರ್ಧಕ್ಕರ್ಧ ಜನ ಈ ಕತೆಯಿಂದಲೇ ಶುರುಮಾಡುತ್ತಾರೆ. ಕೇಳಿ ಕೇಳಿ ನಮಗೆ ಬಾಯಿಪಾಠವಾಗಿದ್ದರೂ ಅದು ನಿಜವಾದ ಕತೆ.

ಈತನಿಗೆ ಎಸ್ಸೆಸ್ಸಿಯಲ್ಲಿ ಗಣಿತ, ಇಂಗ್ಲಿಷು ಎರಡು ಸಲ ಕೈಕೊಟ್ಟಿತು. ಮೂರನೆಯ ಸಲ ಫೀಸು ಕಟ್ಟಲಿಲ್ಲ, ಗಲ್ಲಾದಲ್ಲಿ ಕೂರುವ ಕೆಲಸ ಸಿಕ್ಕಿತು. ಅಂಥ ಹುಡುಗನಿಗೆ ಪಿಯುಸಿ ಫಸ್ಟ್ ಕ್ಲಾಸಿನ ಹುಡುಗಿ. ಲೆಕ್ಕ ತಲೆಕೆಳಗಾಗಬಾರದೆಂದು ಹುಡುಗಿಯ ಕಡೆಯವರೇ ಎರಡು ವರ್ಷ ಕಳೆದುಬಿಟ್ಟರು. ಕಾಲೇಜಿನ ಎರಡು ವರ್ಷ ಅವರು ಏನು ಮಾಡುತ್ತಿದ್ದರೆಂದು ಯಾರಾದರೂ ಕೇಳಿದರೆ ‘ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದಳು’ ಎಂದು ಹೇಳುವುದೆಂದೂ ನಿಶ್ಚಯವಾಗಿತ್ತಂತೆ. ಯಾರೂ ಕೇಳಲಿಲ್ಲ.

ನನಗೆ ಯಾವಾಗಲೂ ಒಂದು ಯೋಚನೆ ಬರುತ್ತದೆ. ರಾತ್ರಿಶಾಲೆಯ ಕತೆಗಳನ್ನು ನಾವು ಇಷ್ಟು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವಲ್ಲ, ಆ ಕತೆಗಳಲ್ಲಿ ಹೆಣ್ಣುಮಕ್ಕಳು ಎಲ್ಲಿ? ನಾನು ಕೇಳಿದ ನೆನಪುಗಳಲ್ಲಿ ಬೆಂಚಿನ ಮೇಲೆ ಕೂತವರೆಲ್ಲ ಹುಡುಗರು. ಸಹಜವೇ, ಹುಡುಗರು ಹನ್ನೆರಡು ಹದಿಮೂರಕ್ಕೆ ದುಡಿಯಲು ಬಂದರು, ಹುಡುಗಿಯರು ಹದಿನೆಂಟು ಇಪ್ಪತ್ತಕ್ಕೆ ಸಂಸಾರ ಮಾಡಲು ಬಂದರು. ಓದು ಅರ್ಧಕ್ಕೆ ನಿಂತ ಹುಡುಗನಿಗೆ ಮುಂಬಯಿಯಲ್ಲಿ ಓದು ಮುಂದುವರಿಸುವ ಶಾಲೆಯಿತ್ತು. ಓದು ಅರ್ಧಕ್ಕೆ ನಿಂತ ಹುಡುಗಿಗೆ ಮುಂಬಯಿಯೇ ನಿಲುಗಡೆ. ಊರಿನಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ಇಲ್ಲಿ ಬಂದು ಮರಾಠಿ ಹಿಂದಿ ಅಕ್ಷರ ಕೂಡಿಸಿ ಬಸ್ಸಿನ ಬೋರ್ಡು ಓದುವುದರಿಂದ ಶುರುಮಾಡಬೇಕಾಯಿತು.

ಆ ದಿನ ಅವರಿಗೆ ನಾನು ಕತೆಯೊಂದನ್ನು ಹೇಳಿದೆ. ಮೂವತ್ತು ವರ್ಷ ಪಾಲಿಕೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿದ ಬಾಯಿ, ಸುಮ್ಮನಿರುವುದಿಲ್ಲ. ಅವರ ತವರು ಕಾರ್ಕಳದ ಕಡೆ. ಅಲ್ಲೇ ಘಟ್ಟದ ಬುಡದಲ್ಲಿ ಮಾಳ ಎಂಬ ಊರಿದೆಯಲ್ಲ, ಅಲ್ಲಿಯ ಅನಂತಶಾಸ್ತ್ರಿ ಡೋಂಗರೆ ಎಂಬವರು ತಮ್ಮ ಹೆಂಡತಿಗೆ ಸಂಸ್ಕೃತ ಕಲಿಸಲು ಹೊರಟರು. ಹತ್ತೊಂಬತ್ತನೆಯ ಶತಮಾನದ ಮಾತು. ಆ ಹೆಂಡತಿ ಲಕ್ಷ್ಮೀಬಾಯಿ ಮದುವೆಯಾದಾಗ ಒಂಬತ್ತು ವರ್ಷದ ಮಗು, ಶಾಸ್ತ್ರಿಗಳಿಗೆ ನಲವತ್ತು ದಾಟಿತ್ತು. ಯಾತ್ರೆಯಲ್ಲಿ ಹೊಳೆಯ ದಂಡೆಯಲ್ಲಿ ಇಬ್ಬರು ಗಂಡಸರು ಪರಿಚಯವಾಗಿ, ಮರುದಿನ ಮದುವೆ. ಈ ಭಾಗವನ್ನು ಹೇಳುವಾಗ ಇವರು ‘ನನಗೆ ಹನ್ನೆರಡು ದಿನವಾದರೂ ಸಿಕ್ಕಿತಲ್ಲ’ ಎಂದು ನಕ್ಕರು. ಹೆಂಗಸಿಗೆ ಸಂಸ್ಕೃತ ಕಲಿಸುವುದೇ ಎಂದು ಸುತ್ತಲಿನವರು ತಿರುಗಿಬಿದ್ದಾಗ ಶಾಸ್ತ್ರಿಗಳು ಘಟ್ಟದ ಗಂಗಾಮೂಲದ ಕಾಡಿಗೆ ಹೋಗಿ ಮನೆ ಕಟ್ಟಿದರು. ಅಲ್ಲಿ 1858ರಲ್ಲಿ ಹುಟ್ಟಿದ ಮಗಳೇ ಪಂಡಿತಾ ರಮಾಬಾಯಿ. ಪಾಠ ಹೇಳಿಕೊಟ್ಟದ್ದು ಆ ತಾಯಿಯೇ.

ರಮಾಬಾಯಿಯ ಜೀವನವನ್ನೆಲ್ಲ ಇಲ್ಲಿ ಹೇಳಲು ಹೋದರೆ ಸಂಪಾದಕರು ಕತ್ತರಿ ಹಿಡಿಯುತ್ತಾರೆ. ಬರಗಾಲದ ಅಲೆದಾಟದಲ್ಲಿ ತಂದೆ ತಾಯಿಯನ್ನು ಕಳೆದುಕೊಂಡು, ಅಣ್ಣನ ಜೊತೆ ದೇಶವೆಲ್ಲ ನಡೆದು, ಕಲಕತ್ತೆಯ ವಿದ್ವಾಂಸರಿಂದ ಪಂಡಿತೆ ಎನ್ನಿಸಿಕೊಂಡು, ಬಂಗಾಳಿ ವಕೀಲರನ್ನು ಮದುವೆಯಾಗಿ, ಎರಡೇ ವರ್ಷದಲ್ಲಿ ಕೈಯಲ್ಲಿ ಮಗು ಹಿಡಿದ ವಿಧವೆಯಾದವರು. 1882ರಲ್ಲಿ ಹಂಟರ್ ಶಿಕ್ಷಣ ಆಯೋಗದ ಮುಂದೆ ನಿಂತು ಹೆಣ್ಣುಮಕ್ಕಳಿಗೆ ಹೆಂಗಸರೇ ಶಿಕ್ಷಕಿಯರು ಬೇಕು, ಹೆಂಗಸರೇ ಡಾಕ್ಟರರು ಬೇಕು ಎಂದು ಕೇಳಿದರು. ಆಮೇಲೆ ಇಂಗ್ಲೆಂಡು, ಮತಾಂತರ, ಅಮೆರಿಕ, ವಾದವಿವಾದಗಳು. ಅವೆಲ್ಲದರ ಬಗ್ಗೆ ಅಭಿಪ್ರಾಯ ಏನೇ ಇರಲಿ, ನಮಗೆ ಬೇಕಾದದ್ದು 1889ರ ಮಾರ್ಚಿನಲ್ಲಿ ಇದೇ ಮುಂಬಯಿಯ ಚೌಪಾಟಿಯಲ್ಲಿ ಅವರು ತೆರೆದ ಶಾರದಾ ಸದನ. ವಿಧವೆಯರಿಗಾಗಿ ಶಾಲೆ, ಅಲ್ಲೇ ವಾಸ. ಮೊದಲ ದಿನಗಳಲ್ಲೇ ಸೇರಿದ ವಿಧವೆ ಗೋದೂಬಾಯಿ ಎಂಬ ಕೊಂಕಣದ ಹೆಣ್ಣುಮಗಳು. ಮುಂದಿನ ವರ್ಷ ಸದನ ಪುಣೆಗೆ ಹೋಯಿತು, ಗೋದೂಬಾಯಿಯೂ ಹೋದರು. 1893ರಲ್ಲಿ ಅವರನ್ನು ಮದುವೆಯಾದವರು ಧೋಂಡೋ ಕೇಶವ ಕರ್ವೆ. ಕರ್ವೆಯವರು 1916ರಲ್ಲಿ ಕಟ್ಟಿದ್ದು ಮಹಿಳಾ ವಿಶ್ವವಿದ್ಯಾಲಯ, ಅದೇ ಇವತ್ತು ಚರ್ಚ್‌ಗೇಟಿನಲ್ಲಿ, ಜುಹೂನಲ್ಲಿ ನಾವು ಕಾಣುವ ಎಸ್‌ಎನ್‌ಡಿಟಿ. ಕಾರ್ಕಳದ ಮಾಳದಲ್ಲಿ ಒಬ್ಬ ಗಂಡ ಹೆಂಡತಿಗೆ ಅಕ್ಷರ ಹೇಳಿಕೊಟ್ಟದ್ದಕ್ಕೂ ಚರ್ಚ್‌ಗೇಟಿನಲ್ಲಿ ಹುಡುಗಿಯರು ಐಡೆಂಟಿಟಿ ಕಾರ್ಡು ತೋರಿಸಿ ಒಳಗೆ ಹೋಗುವುದಕ್ಕೂ ನಡುವೆ ಇರುವುದು ಇಷ್ಟೇ ಜನ.

‘ನಮ್ಮ ಮಾಳವಾ?’ ಎಂದರು. ಮತ್ತೇನೂ ಹೇಳಲಿಲ್ಲ. ಪಿಎಚ್.ಡಿ. ಸಾಲನ್ನು ನಾನು ತೆಗೆಯಲಿಲ್ಲ, ಅವರೂ ಮತ್ತೆ ಕೇಳಲಿಲ್ಲ. ನಿಜ ಹೇಳಬೇಕೆಂದರೆ ಮಗಳನ್ನು ಕೇಳದೆ ತೆಗೆಯುವ ಅಧಿಕಾರ ನಮ್ಮಿಬ್ಬರಿಗೂ ಇರಲಿಲ್ಲ. ಸಂಜೆ ಅವಳನ್ನೇ ಕೇಳಿದೆ. ‘ಆಂಟಿ, ಆ ಸಾಲು ನೋಡಿ ಹೆದರುವವರು ಮೊದಲೇ ಹೆದರಿ ಹೋಗುವುದು ಒಳ್ಳೆಯದಲ್ವಾ? ಆಮೇಲೆ ಹೆದರಿದರೆ ನನಗೆ ಕಷ್ಟ’ ಎಂದಳು. ಕಲ್ಯಾಣದವರು ಬೇರೆ ಕಡೆ ನೋಡಿಕೊಂಡರು.

ಹದಿನೈದು ದಿನ ಬಿಟ್ಟು ತಾಯಿ ಹಿಟ್ಟಿನ ಡಬ್ಬಿಯ ಜೊತೆಗೆ ಒಂದು ಪ್ಲಾಸ್ಟಿಕ್ ಫೈಲನ್ನೂ ಹಿಡಿದು ನಮ್ಮ ಮನೆಗೆ ಬಂದರು. ಒಳಗೆ ಪಿಯುಸಿಯ ಮಾರ್ಕ್ಸ್ ಕಾರ್ಡು. ಮಡಿಕೆಯಲ್ಲಿ ಹರಿದು, ಟೇಪು ಹಚ್ಚಿ, ಟೇಪೂ ಹಳದಿಯಾಗಿತ್ತು. ‘ಈಗ ಬಿ.ಎ.ಗೆ ಸೇರಲಿಕ್ಕೆ ಆಗುತ್ತದಾ ಅಕ್ಕ?’ ಐವತ್ತೊಂದು ವರ್ಷ. ಆಗುತ್ತದೆ, ದೂರಶಿಕ್ಷಣಕ್ಕೆ ವಯಸ್ಸಿನ ಅಡ್ಡಿಯಿಲ್ಲ ಎಂದೆ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಮಕ್ಕಳನ್ನು ಬೆಳೆಸಿದ ಮೇಲೆ ಬಂದು ಎಂ.ಎ. ಮಾಡಿದ ಗೃಹಿಣಿಯರು ಎಷ್ಟು ಮಂದಿ ಇದ್ದಾರೆ, ಅವರಲ್ಲಿ ಪಿಎಚ್.ಡಿ.ಯವರೆಗೆ ಹೋದವರೂ ಇದ್ದಾರೆ ಎಂದು ಹುರಿದುಂಬಿಸಿದೆ. ಬಿ.ಎ. ಮುಗಿಸಿದರೆ ನಿಮಗೂ ಕಲೀನಾದ ದಾರಿ ಇದೆ ಎಂದೆ.

ಅಲ್ಲಿಗೆ ಎಲ್ಲ ಸಲೀಸು ಎಂದುಕೊಂಡೆವು. ಅರ್ಜಿ ತುಂಬಲು ಕೂತಾಗ ಗೊತ್ತಾಯಿತು, ಮಾರ್ಕ್ಸ್ ಕಾರ್ಡಿನಲ್ಲಿರುವ ಹುಡುಗಿ ಮತ್ತು ನನ್ನ ಮುಂದೆ ಕೂತಿರುವ ಹೆಂಗಸು ಕಾಗದದ ಪ್ರಕಾರ ಬೇರೆ ಬೇರೆ ಜನ.

ಮುಂಬಯಿಯಲ್ಲಿ ಸಂಸಾರ ಮಾಡಿದವರಿಗೆ ಇದರ ಮೂಲ ಗೊತ್ತಿದೆ. ನಮ್ಮೂರಿನ ಶಾಲೆಯಲ್ಲಿ ಹೆಸರು ಎಂದರೆ ಒಂದು ಹೆಸರು, ಹಿಂದೆಯೋ ಮುಂದೆಯೋ ಒಂದು ಇನಿಶಿಯಲ್ಲು. ಅದು ಮನೆಯದ್ದೋ, ಊರಿನದ್ದೋ, ಅಪ್ಪನದ್ದೋ, ಯಾರಿಗೂ ಖಚಿತವಿಲ್ಲ. ಮಹಾರಾಷ್ಟ್ರದಲ್ಲಿ ಹೆಸರಿಗೆ ಮೂರು ಕೋಣೆ: ತನ್ನ ಹೆಸರು, ಅಪ್ಪನ ಅಥವಾ ಗಂಡನ ಹೆಸರು, ಅಡ್ಡಹೆಸರು. ರೇಶನ್ ಕಾರ್ಡಿನಿಂದ ಶುರುವಾಗಿ ಓಟಿನ ಕಾರ್ಡು, ಪ್ಯಾನು, ಆಧಾರ್ ಎಲ್ಲದರಲ್ಲೂ ಇವರು ಗಂಡನ ಹೆಸರನ್ನು ನಡುವೆ ಇಟ್ಟುಕೊಂಡು ಗಂಡನ ಅಡ್ಡಹೆಸರಿನಲ್ಲಿ ನಿಂತಿದ್ದಾರೆ. ಇನಿಶಿಯಲ್ಲಿನ ಹುಡುಗಿ ಎಲ್ಲಿಯೂ ಇಲ್ಲ. ಮರಾಠಿ ಮನೆಗಳಲ್ಲಿ ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಹುಡುಗಿಯ ಹೊಸ ಹೆಸರನ್ನೇ ಬರೆಯುವ ಪದ್ಧತಿಯಿದೆ. ಮೇಲೆ ಹೇಳಿದ ಗೋದೂಬಾಯಿಯೂ ಕರ್ವೆಯವರನ್ನು ಮದುವೆಯಾದ ಮೇಲೆ ಆನಂದಿಬಾಯಿಯಾದರು. ಅಷ್ಟೇಕೆ, ಎಸ್‌ಎನ್‌ಡಿಟಿ ಎಂಬುದನ್ನು ಬಿಡಿಸಿ ಓದಿ: ಶ್ರೀಮತಿ ನಾಥಿಬಾಯಿ ದಾಮೋದರ ಠಾಕರ್ಸಿ. ಮಗ ವಿಠ್ಠಲದಾಸರು 15 ಲಕ್ಷ ರೂಪಾಯಿ ಕೊಟ್ಟು ತಾಯಿಯ ಹೆಸರಿಡಿಸಿದರು. ಆ ಹೆಸರಿನ ನಡುವೆ ಅಪ್ಪ ಕೂತಿದ್ದಾರೆ!

ನನಗೆ ಇದರಲ್ಲಿ ಕಾಣುವ ವಿಚಿತ್ರ ಬೇರೆಯದು. ನಮ್ಮ ಬಯೋಡಾಟಾದಲ್ಲಿ ‘ಬಳಿ’ ಎಂಬ ಸಾಲು ಇದೆಯೆಂದು ಮೊದಲೇ ಹೇಳಿದೆ. ಬಳಿ ಬರುವುದು ತಾಯಿಯಿಂದ. ಅಳಿಯಸಂತಾನದ ಕಾಲದಲ್ಲಿ ಹೆಣ್ಣುಮಗಳು ಮದುವೆಯಾದ ಮೇಲೂ ತಾಯಿಯ ಕುಟುಂಬದವಳೇ, ಅವಳ ಮಕ್ಕಳೂ ಅದೇ ಕುಟುಂಬದವರು. ಆ ಕಾಲವೇನೂ ಹೆಂಗಸರ ರಾಜ್ಯವಾಗಿರಲಿಲ್ಲ, ಬೀಗದ ಕೈ ಹೆಚ್ಚಿನ ಮನೆಗಳಲ್ಲಿ ಸೋದರಮಾವನ ಸೊಂಟದಲ್ಲೇ ಇರುತ್ತಿತ್ತು. 1949ರಲ್ಲಿ ಮದ್ರಾಸ್ ಸರ್ಕಾರದ ಅಳಿಯಸಂತಾನ ಕಾಯಿದೆ, 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದು ಆಸ್ತಿಯ ಲೆಕ್ಕ ಬದಲಾಯಿತು. ಆದರೂ ಬಳಿ ಉಳಿಯಿತು. ಈಗಲೂ ಸಂಬಂಧ ಕೂಡಿಸುವಾಗ ನಾವು ಮೊದಲು ನೋಡುವುದು ತಾಯಿಯಿಂದ ಬಂದ ಬಳಿ ಒಂದೇ ಆಗದಿರಲೆಂದು. ಮದುವೆಗೆ ತಾಯಿಯ ಗುರುತು ಬೇಕು, ಮದುವೆಯಾದ ಮರುದಿನದಿಂದ ಅದಕ್ಕೆ ಕಾಗದದಲ್ಲಿ ಜಾಗವಿಲ್ಲ. 2024ರಿಂದ ಮಹಾರಾಷ್ಟ್ರ ಸರ್ಕಾರ ಹೊಸದಾಗಿ ಹುಟ್ಟುವ ಮಕ್ಕಳ ಹೆಸರಿನಲ್ಲಿ ತಾಯಿಯ ಹೆಸರನ್ನೂ ಸೇರಿಸಬೇಕೆಂದು ನಿಯಮ ಮಾಡಿದೆ. ಮೊದಲು ಮಗುವಿನ ಹೆಸರು, ಆಮೇಲೆ ತಾಯಿಯದ್ದು, ಆಮೇಲೆ ಅಪ್ಪನದ್ದು. ಒಳ್ಳೆಯ ಸುದ್ದಿಯೇ. ಆದರೆ ಮದುವೆಯಾದ ಹೆಂಗಸಿಗೆ ಗಂಡನ ಹೆಸರಿನ ಹಳೆಯ ಪದ್ಧತಿಯೇ ಮುಂದುವರಿದಿದೆ.

ದೂರಶಿಕ್ಷಣ ಕಚೇರಿಯ ಗುಮಾಸ್ತರು (ಯಾವ ವಿಶ್ವವಿದ್ಯಾಲಯ ಎಂದು ಹೇಳುವುದಿಲ್ಲ, ಎಲ್ಲ ಕಡೆ ಇದೇ ಕತೆ) ನೋಡಿ ‘ಇದು ಯಾರದ್ದು?’ ಎಂದರು. ‘ನನ್ನದೇ’ ಎಂದರು ಇವರು. ‘ಪ್ರೂಫ್?’ ಮದುವೆಯ ಸರ್ಟಿಫಿಕೇಟು ಬೇಕು, ಇಲ್ಲವಾದರೆ ಹೆಸರು ಬದಲಾದ ಗೆಜೆಟ್ ಬೇಕು. ಮದುವೆಯ ಸರ್ಟಿಫಿಕೇಟು! 1993ರಲ್ಲಿ ಊರಿನ ಹಾಲಿನಲ್ಲಿ ನಾನೂರು ಜನರ ಎದುರು ಧಾರೆಯಾಗಿ, ಎಲೆ ಹಾಕಿ ಬಡಿಸಿ, ವಿಡಿಯೋ ತೆಗೆಸಿದವರಿಗೆ ಸಬ್ ರಿಜಿಸ್ಟ್ರಾರ್ ಕಚೇರಿ ನೆನಪಾಗಿರಲಿಲ್ಲ. ಎಲ್ಲರೂ ಮದುವೆಯನ್ನು ನೋಂದಾಯಿಸಲೇಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದೇ 2006ರಲ್ಲಿ. ಅದಕ್ಕೂ ಹಿಂದಿನ ಎಷ್ಟು ದಂಪತಿಗಳ ಹತ್ತಿರ ಕಾಗದವಿದೆ ಎಂದು ನಿಮ್ಮ ಮನೆಯಲ್ಲೇ ಒಮ್ಮೆ ಕೇಳಿ ನೋಡಿ. ಪಾಸ್‌ಪೋರ್ಟಿಗೆ, ಬ್ಯಾಂಕಿನ ಲಾಕರಿಗೆ, ಗಂಡ ತೀರಿಕೊಂಡ ಮೇಲೆ ಪಿಂಚಣಿಗೆ ಓಡಾಡುವಾಗಲೇ ಅದರ ಬೆಲೆ ಗೊತ್ತಾಗುವುದು. ಈ ಅಂಕಣ ಓದಿ ಒಂದು ಕೆಲಸ ಮಾಡುವುದಾದರೆ ಅದನ್ನು ಮಾಡಿ.

ಇಲ್ಲಿ ರುಖ್ಮಾಬಾಯಿಯ ನೆನಪು ಬಾರದೆ ಹೋಗಲಿಲ್ಲ. ಹನ್ನೊಂದಕ್ಕೆ ಮದುವೆಯಾಗಿ, ದೊಡ್ಡವಳಾದ ಮೇಲೆ ಗಂಡನ ಮನೆಗೆ ಹೋಗಲು ಒಪ್ಪದೆ, 1884ರಿಂದ ಬಾಂಬೆ ಹೈಕೋರ್ಟಿನಲ್ಲಿ ಕೇಸು ಎದುರಿಸಿದ ಹುಡುಗಿ. ಗಂಡನ ಮನೆಗೆ ಹೋಗು, ಇಲ್ಲವಾದರೆ ಆರು ತಿಂಗಳು ಜೈಲು ಎಂದು 1887ರಲ್ಲಿ ತೀರ್ಪಾದಾಗ ಜೈಲಿಗೆ ಹೋಗುತ್ತೇನೆಂದರು. 1888ರಲ್ಲಿ ಎರಡು ಸಾವಿರ ರೂಪಾಯಿ ಕೊಟ್ಟು ರಾಜಿಯಾಯಿತು. ಆಮೇಲೆ ಲಂಡನ್ನಿನಲ್ಲಿ ವೈದ್ಯಕೀಯ ಓದಿ ಬಂದು ಸೂರತ್, ರಾಜಕೋಟಗಳಲ್ಲಿ ದಶಕಗಟ್ಟಲೆ ಡಾಕ್ಟರಾಗಿ ದುಡಿದರು. ಆಗ ಹೆಣ್ಣೊಬ್ಬಳು ತನಗೆ ಮದುವೆಯಾಗಿಲ್ಲವೆಂದು ಕೋರ್ಟಿನಲ್ಲಿ ಹೊಡೆದಾಡಬೇಕಾಯಿತು. ಈಗ ನಮ್ಮ ನೆರೆಯವರು ತನಗೆ ಮದುವೆಯಾಗಿದೆಯೆಂದು ತೋರಿಸಲು ಓಡಾಡಬೇಕು. ಇಬ್ಬರದ್ದೂ ಓದುವುದಕ್ಕಾಗಿಯೇ.

ಗಂಡ ಈ ವಿಷಯವನ್ನು ಹೇಗೆ ತೆಗೆದುಕೊಂಡರು ಎಂದು ನೀವು ಕೇಳಬಹುದು. ಮೂವತ್ತೆರಡು ವರ್ಷ ಹೆಂಡತಿಯ ಓದು ಆತನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತಂತೆ. ಮದುವೆಯಾದ ಎರಡನೆಯ ತಿಂಗಳು ಪೆಟ್ಟಿಗೆಯಲ್ಲಿ ಮಾರ್ಕ್ಸ್ ಕಾರ್ಡು ನೋಡಿದ್ದರಂತೆ, ಅದನ್ನು ಇದ್ದಲ್ಲೇ ಇಟ್ಟಿದ್ದರಂತೆ. ಇವರಿಗೂ ಹೇಳಲಿಲ್ಲ. ಈಗ ಹೇಳಿದರು, ಊಟಕ್ಕೆ ಕೂತಾಗ, ಮಗಳ ಎದುರಿಗೇ. ‘ನೀನು ಹೇಳಿಕೊಳ್ಳುವುದಿಲ್ಲ ಅಂದ ಮೇಲೆ ನಾನು ಯಾಕೆ ಕೇಳಲಿ?’ ಎಂದರಂತೆ. ಇದನ್ನು ನನಗೆ ಹೇಳುವಾಗ ಇವರ ಮುಖದಲ್ಲಿದ್ದದ್ದು ಸಿಟ್ಟೋ ನಗೆಯೋ ನನಗೆ ತಿಳಿಯಲಿಲ್ಲ. ‘ಅಕ್ಕ, ಅವತ್ತೇ ಕೇಳಿದ್ದರೆ ನಾನು ಆಗಲೇ ಕಾಲೇಜಿಗೆ ಸೇರುತ್ತಿದ್ದೆನೋ ಏನೋ. ನನಗೆ ಆಗ ಹತ್ತೊಂಬತ್ತು.’ ಆಮೇಲೆ, ‘ಸೇರುತ್ತಿರಲಿಲ್ಲ ಬಿಡಿ. ನೀರು ನಾಲ್ಕೂವರೆಗೆ ಬರುತ್ತಿತ್ತು.’

ಗಣಿತ ಎರಡು ಸಲ ಕೈಕೊಟ್ಟ ಆ ಮನುಷ್ಯ ಈಗ ಫೈಲು ಹಿಡಿದು ಓಡಾಡುತ್ತಿದ್ದಾರೆ. ಗೆಜೆಟ್ಟಿಗಿಂತ ಮದುವೆಯ ನೋಂದಣಿಯೇ ಮೇಲು ಎಂದು ತೀರ್ಮಾನಿಸಿದ್ದಾರೆ, ಮಾರ್ಕ್ಸ್ ಕಾರ್ಡಿನ ಹೆಸರಿಗೂ ಆಧಾರಿನ ಹೆಸರಿಗೂ ಅದೊಂದೇ ಸೇತುವೆ. ಊರಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ವಿಚಾರಿಸಿದಾಗ ಮದುವೆಯ ಫೋಟೊ, ಆಮಂತ್ರಣ ಪತ್ರಿಕೆ, ಸಾಕ್ಷಿಗಳು ಬೇಕೆಂದರು. ಫೋಟೊ ಇದೆ. ಸಾಕ್ಷಿಗೆ ಇವರ ಅಣ್ಣ, ಗಂಡನ ಅಕ್ಕ ಇದ್ದಾರೆ. ಸೋದರಮಾವ, ಪಿಯುಸಿಯನ್ನು ಮುಚ್ಚಿಟ್ಟವರು, ಎಂಬತ್ತು ದಾಟಿದ್ದಾರೆ, ಅವರೂ ಬಂದು ಸಹಿ ಹಾಕುತ್ತಾರಂತೆ. ಆಮಂತ್ರಣ ಪತ್ರಿಕೆಯದ್ದೇ ಪೇಚಾಟವಾಗಿತ್ತು. ಮುಂಬಯಿಯಲ್ಲಿ ಮೂರು ಮನೆ ಬದಲಿಸಿದವರಲ್ಲಿ ಅದೆಲ್ಲಿ ಉಳಿಯುತ್ತದೆ? ಕೊನೆಗೆ ಸಿಕ್ಕಿದ್ದು ತವರಿನ ಅಟ್ಟದಲ್ಲಿ, ಹಳೆಯ ಪಂಚಾಂಗಗಳ ನಡುವೆ. ಅಣ್ಣನ ಮಗ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿದ. ಅರಿಶಿನ ಮೂಲೆಯ ಗುಲಾಬಿ ಕಾಗದ. ವರನ ಹೆಸರಿನ ಮುಂದೆ ‘ಮುಂಬಯಿ’ ಎಂದಿದೆ, ಡಿಗ್ರಿ ಇದ್ದವರು ಡಿಗ್ರಿ ಹಾಕಿಸುವ ಜಾಗದಲ್ಲಿ. ವಧುವಿನ ಹೆಸರು ಮಾರ್ಕ್ಸ್ ಕಾರ್ಡಿನಲ್ಲಿ ಹೇಗಿದೆಯೋ ಹಾಗೆಯೇ ಇದೆ, ಇನಿಶಿಯಲ್ ಸಮೇತ.

ಮೇ ಎರಡನೆಯ ವಾರಕ್ಕೆ ಮತ್ಸ್ಯಗಂಧದಲ್ಲಿ ಮೂವರಿಗೂ ಟಿಕೇಟು ಮಾಡಿಸಿದ್ದಾರೆ. ಎರಡು ಕನ್ಫರ್ಮ್ ಆಗಿವೆ, ಮಗಳದ್ದು ವೇಟಿಂಗ್ ಲಿಸ್ಟಿನಲ್ಲಿದೆ. ಅವಳಿಗೆ ಆ ವಾರ ಲ್ಯಾಬಿನಲ್ಲಿ ಕೆಲಸವೂ ಇದೆಯಂತೆ. ದೂರಶಿಕ್ಷಣದ ಪ್ರವೇಶ ಶುರುವಾಗುವುದು ಅದಾದ ಮೇಲೆ. ವಿಷಯ ಯಾವುದು ತೆಗೆದುಕೊಳ್ಳುತ್ತೀರಿ ಎಂದು ಕೇಳಿದ್ದಕ್ಕೆ ಇತಿಹಾಸ ಎಂದರು, ಮಾಳದ ಶಾಸ್ತ್ರಿಗಳ ಬಗ್ಗೆ ಪುಸ್ತಕ ಇದ್ದರೆ ಕೊಡಿ ಎಂದರು. ಹುಡುಕುತ್ತಿದ್ದೇನೆ. ನಿಮ್ಮಲ್ಲಿ ಯಾರ ಬಳಿಯಾದರೂ ಪಂಡಿತಾ ರಮಾಬಾಯಿಯವರ ಬಗ್ಗೆ ಕನ್ನಡದ ಪುಸ್ತಕವಿದ್ದರೆ ಸಂಪಾದಕರ ವಿಳಾಸಕ್ಕೆ ತಿಳಿಸಿ, ಓದಿ ಜೋಪಾನವಾಗಿ ಹಿಂದಿರುಗಿಸುತ್ತೇವೆ.